ನಾಲ್ಕನೇ ಕಪ್ಪಿನ ಬಿರುಕು

ಅವರ ಕೋಟಿಗೆ ಗುಂಡಿಗಳಿರಲಿಲ್ಲ. ಮೊಣಕಾಲಿನವರೆಗೆ ಇಳಿಬೀಳುವ ಆ ಮಾಸಿದ ಬೂದು ಕೋಟಿನ ಎದೆಗುಂಟ ಐದು ಗುಂಡಿಗಳನ್ನು ಕಿತ್ತ ಗುರುತುಗಳಷ್ಟೇ ಉಳಿದಿದ್ದವು. ಅವುಗಳ ಜಾಗದಲ್ಲಿ ಬಟ್ಟೆಯ ದಾರಗಳನ್ನು ಹೊಲಿದುಕೊಂಡು, ಕೂಸಿನ ಅಂಗಿಗೆ ಕಟ್ಟುವ ಹಾಗೆ ಸಡಿಲವಾಗಿ ಗಂಟು ಹಾಕಿಕೊಳ್ಳುತ್ತಿದ್ದರು. ಕೈಗೆ ಬಳೆಯಿಲ್ಲ, ಬೆರಳಿಗೆ ಉಂಗುರವಿಲ್ಲ, ಕೊರಳಲ್ಲಿ ಜೋಲುವಂಥದ್ದು ಏನೂ ಇಲ್ಲ. ಹೊಸಬರು ಇದನ್ನು ವೈರಾಗ್ಯವೆಂದು ತಿಳಿದು ತಗ್ಗಿದ ದನಿಯಲ್ಲಿ ಮಾತನಾಡಿಸಿದರೆ ಅವರಿಗೆ ನಗು ಬರುತ್ತಿತ್ತು. ಬಗ್ಗಿದಾಗ ಒಂದು ಗುಂಡಿ ತಾಗಿದರೆ ಸಾಕು, ನೂರೈವತ್ತು ವರ್ಷ ಬಾಳಿದ ಪಿಂಗಾಣಿಯ ಅಂಚಿನಿಂದ ನುಚ್ಚಕ್ಕಿಯಷ್ಟು ಚಕ್ಕೆ ಎದ್ದುಬಿಡುತ್ತದೆ. ಅಷ್ಟೇ ಅವರ ವೇದಾಂತ.

ಹಳೆಯ ವಸ್ತುಗಳನ್ನು ಹರಾಜು ಹಾಕುವ ಮಳಿಗೆಯೊಂದರಲ್ಲಿ ಅವರು ಪಿಂಗಾಣಿಯನ್ನು ಪರೀಕ್ಷಿಸುತ್ತಿದ್ದರು. ಹರಾಜಿಗೆ ಮುಂಚೆ ಅಚ್ಚಾಗುವ ಪಟ್ಟಿಯಲ್ಲಿ ಪ್ರತಿಯೊಂದು ಟೀ ಸೆಟ್ಟಿನ ಎದುರೂ ಎರಡು ಅಂಕಣಗಳಿರುತ್ತಿದ್ದವು. ಎಡಗಡೆ ವರ್ಣನೆ, ಬಲಗಡೆ ದೋಷ. ವರ್ಣನೆಯನ್ನು ಬರೆಯುವುದು ನನ್ನ ಕೆಲಸ. ದೋಷಗಳನ್ನು ಹುಡುಕಿ ಹೇಳುವುದು ಅವರದು. ಹಾಗಾಗಿಯೇ ಮಳಿಗೆಯ ಯಜಮಾನರಿಂದ ಹಿಡಿದು ಪೆಟ್ಟಿಗೆ ಹೊರುವವರವರೆಗೆ ಎಲ್ಲರಿಗೂ ಅವರು ಬಿರುಕಮ್ಮ. ಎದುರಿಗೇ ಹಾಗೆ ಕರೆದರೂ ಓಗೊಡುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು ‘ಕವಿಗಳೇ’ ಎಂದು, ಅದರಲ್ಲಿ ಗೌರವ ಕಡಿಮೆ. ಒಮ್ಮೆ ನಾನು ಒಂದು ಟೀ ಪಾಟನ್ನು ನೋಡಿ ಮೈಮರೆತು ‘ಬೆಳದಿಂಗಳಲ್ಲಿ ಅದ್ದಿ ತೆಗೆದ ಬಿಳುಪು’ ಎಂದು ಬರೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು:

“ಬೆಳದಿಂಗಳು ಇರ್ಲಿ ಕವಿಗಳೇ, ಅದರ ಹಿಡಿಕೆ ಮುರಿದು ಅಂಟಿಸಿದ್ದಾರೆ. ಅದನ್ನ ಬರ್ಕೊಳ್ಳಿ.”

ತುಂಬಿದ ಕೊಡವನ್ನು ಎರಡು ಕೈಯಲ್ಲಿ ಹಿಡಿದವರ ಹಾಗೆ, ಮೊಣಕೈಗಳನ್ನು ಪಕ್ಕೆಗೊತ್ತಿಕೊಂಡು, ಕೊಂಚ ಓರೆಯಾಗಿ ಅವರು ನಡೆಯುತ್ತಿದ್ದರು. ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ ಅಭ್ಯಾಸವಾದ ಆ ನಡಿಗೆ ರಸ್ತೆಯಲ್ಲೂ ಬಿಡುತ್ತಿರಲಿಲ್ಲ. ಸಂಜೆಯ ಜನಸಂದಣಿಯ ನಡುವೆ ಯಾರಿಗೂ ತಾಗದೆ, ಯಾರಿಂದಲೂ ತಾಗಿಸಿಕೊಳ್ಳದೆ, ಇಡೀ ಊರೇ ಒಂದು ಕಪಾಟು ಎಂಬಂತೆ ಅವರು ಸಾಗಿಹೋಗುವುದನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ‘ಚೆನ್ನಾಗಿದೆ’ ಎಂಬ ಪದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ‘ನೋಡಿದ ಮಟ್ಟಿಗೆ ಸರಿ ಇದೆ’ ಎನ್ನುವುದು ಅವರು ಕೊಡಬಹುದಾದ ದೊಡ್ಡ ಪ್ರಶಸ್ತಿ. ತಂಗಿಯ ಮಗಳ ಮದುವೆಗೆ ಗೊತ್ತಾದ ಹುಡುಗನನ್ನು ನೋಡಿ ಬಂದ ಮರುದಿನ ಮಳಿಗೆಯಲ್ಲಿ ಎಲ್ಲರೂ ಮುತ್ತಿಕೊಂಡು, ಹುಡುಗ ಹೇಗಿದ್ದಾನೆ ಎಂದು ಕೇಳಿದರು.

“ನೋಡಿದ ಮಟ್ಟಿಗೆ ಸರಿ ಇದ್ದಾನೆ,” ಎಂದರು ಬಿರುಕಮ್ಮ. “ತಿರುಗಿಸಿ ನೋಡಿಲ್ಲ.”

ಇದೇ ಮಾತನ್ನು ತಂಗಿಯ ಮನೆಯಲ್ಲೂ ಆಡಿ, “ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಬಂದ್ರೆ ಹಲ್ಲು ಉದುರಿಹೋಗುತ್ತೇನೇ ಅಕ್ಕಾ?” ಎಂದು ಬೈಸಿಕೊಂಡಿದ್ದರಂತೆ.

ಅವರು ಕೆಲಸ ಮಾಡುವುದನ್ನು ನೋಡುತ್ತಿದ್ದರೆ ಹೊತ್ತು ನಿಂತುಹೋದಂತಾಗುತ್ತಿತ್ತು. ಬೆಳಗಿನ ಹತ್ತು ಗಂಟೆಯ ಬೆಳಕು ಎತ್ತರದ ಕಿಟಕಿಗಳಿಂದ ಹಾಲಿನಂತೆ ಇಳಿದು ಮೇಜಿನ ಮೇಲೆ ಹಾಸಿದ ಕಂಬಳಿಯ ತನಕ ಬರುವ ವೇಳೆಗೆ ಅವರು ಕೈ ತೊಳೆದು, ಒರೆಸಿ, ಒಂದು ಗಳಿಗೆ ಸುಮ್ಮನೆ ಕುಳಿತಿರುತ್ತಿದ್ದರು. ಆಮೇಲೆ ಮೊದಲ ಕಪ್ಪನ್ನೆತ್ತಿ ಬೆಳಕಿಗೆ ಹಿಡಿಯುವರು. ಬಳಿಕ ಕಣ್ಣು ಮುಚ್ಚಿ ಅಂಚಿನ ಸುತ್ತ ತೋರುಬೆರಳನ್ನು ಒಂದು ಸುತ್ತು ತರುವರು. ಕೊನೆಗೆ ಅಂಗೈ ಮೇಲೆ ಕೂರಿಸಿ ಉಗುರಿನಿಂದ ಮೆಲ್ಲಗೆ ಮೀಟುವರು. ಬಿರುಕಿದ್ದ ಕಪ್ಪು ಗಂಟಲು ಕಟ್ಟಿದವರಂತೆ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಬಿರುಕಿಲ್ಲದ್ದು ಹಾಡುತ್ತಿತ್ತು. ಆ ನಾದ ತೆಳುವಾಗುತ್ತ, ದೂರವಾಗುತ್ತ, ಇದೆಯೋ ಇಲ್ಲವೋ ಎಂಬಲ್ಲಿಗೆ ಹೋಗುವ ತನಕ ಅವರ ಮುಖವೂ ಅದರ ಹಿಂದೆಯೇ ಹೋಗಿರುತ್ತಿತ್ತು; ತಿರುಗಿ ಬಂದ ಮೇಲೆ ಅವರು ನನ್ನತ್ತ ನೋಡಿ, ಎಲ್ಲಿಂದಲೋ ಎದ್ದು ಬಂದವರಂತೆ, “ಬರ್ಕೊಳ್ಳಿ” ಎನ್ನುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಒಂದು ಟೀ ಸೆಟ್ಟು ತಂದರು. ಒಬ್ಬರು ಅತ್ತಿಗೆ, ಇನ್ನೊಬ್ಬರು ನಾದಿನಿ. ಮಾತೆಲ್ಲ ನಾದಿನಿಯದು. ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಹೋಗುತ್ತಿರುವುದಾಗಿಯೂ ಅಲ್ಲಿ ಇದನ್ನಿಡಲು ಜಾಗವಿಲ್ಲವೆಂದೂ ಹೇಳಿದರು. “ಅಮ್ಮನ ಸೆಟ್ಟು ಇದು. ಮೂವತ್ತು ವರ್ಷದಿಂದ ತೊಳೆಯೋದು, ಒರೆಸೋದು ಎಲ್ಲ ಅತ್ತಿಗೇನೇ. ನಾನು ಮುಟ್ಟೋದಿಲ್ಲಪ್ಪ, ನನ್ನದು ಒರಟು ಕೈ.” ಅತ್ತಿಗೆ ನಕ್ಕು, ಕಪ್ಪುಗಳಿಗೆ ಸುತ್ತಿ ತಂದಿದ್ದ ತುವಾಲುಗಳನ್ನು ಒಂದೊಂದಾಗಿ ಮಡಿಸಿ ತೊಡೆಯ ಮೇಲೆ ಪೇರಿಸಿಕೊಂಡರು. ಆರು ಕಪ್ಪು, ಆರು ಬಸಿ, ಒಂದು ಟೀ ಪಾಟು, ಹಾಲಿನದೊಂದು ಪುಟ್ಟ ಹೂಜಿ. ಅಂಚಿಗೆ ಎಳೆನೀಲಿಯ ಗೆರೆ, ಮೈಮೇಲೆ ಯಾವ ತೋಟದಲ್ಲೂ ಬೆಳೆಯದ ಸಣ್ಣ ಸಣ್ಣ ಹೂಗಳು.

ಬಿರುಕಮ್ಮ ಒಂದೊಂದನ್ನೇ ನೋಡುತ್ತ ಬಂದರು. ಪಕ್ಕದ ಕೋಣೆಯಲ್ಲಿ ಬಡಗಿಗಳು ಕಪಾಟಿಗೆ ಮೊಳೆ ಹೊಡೆಯುತ್ತಿದ್ದರು. ಉಗುರಿನ ಮೀಟು ಕೇಳಿಸುವಂತಿರಲಿಲ್ಲ. ಆ ದಿನ ಅವರು ಕಿವಿಯ ಕೆಲಸವನ್ನೂ ಕಣ್ಣಿಗೇ ವಹಿಸಿದರು. ನಾಲ್ಕನೇ ಕಪ್ಪನ್ನು ಬೆಳಕಿಗೆ ಹಿಡಿದವರು ತಡೆದು ನಿಂತರು.

“ಒಳಮೈಯಲ್ಲಿ ಒಂದು ಬಿರುಕು. ಕೂದಲೆಳೆಯಷ್ಟು. ಬರ್ಕೊಳ್ಳಿ.”

ನಾನು ಬರೆದುಕೊಂಡೆ.

ಹರಾಜಿನ ದಿನ ಆ ಇಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಯಜಮಾನರು ಸೆಟ್ಟಿನ ವಿವರ ಓದುತ್ತ “ನಾಲ್ಕನೇ ಕಪ್ಪಿನಲ್ಲಿ ಬಿರುಕು” ಎಂದಾಗ ನಾದಿನಿ ತಿರುಗಿ ಅತ್ತಿಗೆಯನ್ನು ನೋಡಿದ್ದು ನನಗೆ ಕಂಡಿತು. ಅತ್ತಿಗೆ ತಮ್ಮ ಕೈಗಳನ್ನು ನೋಡಿಕೊಂಡರು. ಸೆಟ್ಟು ಒಬ್ಬ ಹಲ್ಲಿನ ಡಾಕ್ಟರರ ಪಾಲಾಯಿತು. ಹೋಗುವಾಗ ಹೆಂಗಸರಿಬ್ಬರ ನಡುವೆ ಮೂರನೆಯವರೊಬ್ಬರು ನಡೆಯಬಹುದಾದಷ್ಟು ಅಂತರವಿತ್ತು.

ಒಂದು ತಿಂಗಳ ಬಳಿಕ, ತಾವೇ ಹರಾಜಿಗೆ ಕೊಟ್ಟು ಮಾರಾಟವಾಗದೆ ಉಳಿದಿದ್ದ ಒಂದು ಹೂದಾನಿಯನ್ನು ಒಯ್ಯಲು ನಾದಿನಿ ಒಬ್ಬರೇ ಬಂದರು. ಬಿರುಕಮ್ಮನ ಮೇಜಿನ ಹತ್ತಿರ ನಿಂತು, “ನಿಮ್ಮ ಕಣ್ಣೇ ಕಣ್ಣು ಕಣ್ರೀ,” ಎಂದರು. “ಅತ್ತಿಗೆ ಕೊನೆಗೂ ಒಪ್ಕೊಂಡ್ರು. ನಲ್ಲಿಗೆ ತಾಗಿಸಿಬಿಟ್ಟಿದ್ರಂತೆ. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ ನೋಡಿ! ನಾನೀಗ ಅವರ ಜೊತೆ ಮಾತಾಡೋದೇ ಬಿಟ್ಟಿದ್ದೀನಿ. ಕಪ್ಪಿಗಲ್ಲ ನಂಗೆ ಬೇಜಾರು. ಮುಚ್ಚಿಟ್ರಲ್ಲ, ಅದಕ್ಕೆ.” ಬಿರುಕಮ್ಮ ಮುಂದಿನ ಕಪ್ಪನ್ನೆತ್ತಿಕೊಂಡರು. ದೋಷ ಹೇಳುವುದು ತಮ್ಮ ಕೆಲಸ, ಆಮೇಲಿನದು ಮನೆಯವರ ವಿಷಯ ಎಂಬುದು ಅವರ ಎಂದಿನ ನಿಲುವು.

ಅದಾದ ನಾಲ್ಕನೇ ದಿನ ಅವರು ಬೇರೊಂದು ಸೆಟ್ಟನ್ನು ನೋಡುತ್ತಿದ್ದರು. ಮೊದಲ ಕಪ್ಪಿನಲ್ಲಿ ಬಿರುಕು. ಎರಡನೆಯದರಲ್ಲೂ ಬಿರುಕು, ಅದೇ ಜಾಗದಲ್ಲಿ, ಅದೇ ಬಾಗು. ಮೂರನೆಯದನ್ನೆತ್ತಿದವರು ಅದನ್ನು ಮೆಲ್ಲಗೆ ಕೆಳಗಿಟ್ಟು ಎದುರಿನ ಸುಣ್ಣ ಬಳಿದ ಗೋಡೆಯನ್ನು ನೋಡಿದರು, ಆಮೇಲೆ ಕಿಟಕಿಯಾಚೆಯ ಆಕಾಶವನ್ನು.

“ಕವಿಗಳೇ, ಇಲ್ಲಿ ಬನ್ನಿ. ಆ ಗೋಡೆ ಮೇಲೆ ಒಂದು ಎಳೆ ತೇಲ್ತಾ ಇದೆಯಾ?”

“ಇಲ್ವಲ್ಲಮ್ಮ.”

“ಆಕಾಶದಲ್ಲಿ?”

ಆಕಾಶ ಅಂದು ಒಂದು ಮೋಡವೂ ಇಲ್ಲದೆ ತೊಳೆದ ಬಸಿಯ ಹಾಗಿತ್ತು. ಇಲ್ಲವೆಂದೆ. “ಹಾಗಾದ್ರೆ ಎಳೆ ಇರೋದು ನನ್ನ ಕಣ್ಣಲ್ಲೇ,” ಎಂದರು. ಕಣ್ಣಿನ ಡಾಕ್ಟರು ಆಮೇಲೆ ಹೇಳಿದ್ದೂ ಅದನ್ನೇ: ವಯಸ್ಸಾದವರ ಕಣ್ಣಿನೊಳಗಿನ ತಿಳಿಯಲ್ಲಿ ಒಂದೊಂದು ಸಲ ಇಂಥ ಎಳೆ ಬಿಡಿಸಿಕೊಂಡು ತೇಲುತ್ತದೆ, ಬಿಳುಪಿನ ಎದುರು ಚೆನ್ನಾಗಿ ಕಾಣುತ್ತದೆ, ಅಪಾಯವೇನಿಲ್ಲ. ನನಗೆ ಇದನ್ನು ತಿಳಿಸುತ್ತ ಬಿರುಕಮ್ಮ ಹಳೆಯ ಪಟ್ಟಿ ತೆಗೆದು ಆ ನಾಲ್ಕನೇ ಕಪ್ಪಿನ ಸಾಲಿನ ಮೇಲೆ ಬೆರಳಿಟ್ಟರು.

“ಆಯಮ್ಮ ಏನನ್ನ ಒಪ್ಕೊಂಡ್ರು ಹಾಗಾದ್ರೆ?” ಎಂದರು. “ಇಲ್ದೇ ಇರೋ ಬಿರುಕನ್ನ ಯಾಕೆ ಒಪ್ಕೊಂಡ್ರು?”

ನಾವಿಬ್ಬರೂ ಹಲ್ಲಿನ ಡಾಕ್ಟರರ ಮನೆಗೆ ಹೋದೆವು. ಅವರು ನಾಲ್ಕನೇ ಕಪ್ಪನ್ನು ತೆಗೆದು ಮೇಜಿನ ಮೇಲಿಟ್ಟು ಮಕ್ಕಳ ಹಾಗೆ ನಕ್ಕರು. “ಇದರಲ್ಲಿ ಏನೂ ಇಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಮ್ಮ. ದಿನಾ ಹಲ್ಲಿನ ಬಿರುಕು ನೋಡೋನು ನಾನು. ಆದ್ರೆ ಬಿರುಕಮ್ಮ ಇದೆ ಅಂದ ಮೇಲೆ ಇಲ್ಲ ಅನ್ನೋಕೆ ನನಗೇನು ಹುಚ್ಚಾ?” ಬಿರುಕಮ್ಮ ನಗಲಿಲ್ಲ. ಸಂಜೆಯವರೆಗೆ ಕಪ್ಪನ್ನು ಕಡ ಕೊಡಿ ಎಂದರು. ಡಾಕ್ಟರು ಅವರ ಮುಖ ನೋಡಿ ನಗು ನಿಲ್ಲಿಸಿ ತಾವೇ ಹತ್ತಿಯಲ್ಲಿ ಸುತ್ತಿಕೊಟ್ಟರು.

ಅತ್ತಿಗೆ ನಾದಿನಿಯರ ಹೊಸ ಮನೆ ಮೂರನೇ ಮಹಡಿಯಲ್ಲಿತ್ತು. ಎರಡೇ ಕೋಣೆ. ಅತ್ತಿಗೆ ಒಂದರಲ್ಲಿ, ನಾದಿನಿ ಇನ್ನೊಂದರಲ್ಲಿ. ನಡುವಿನ ಬಾಗಿಲು ಮುಚ್ಚಿತ್ತು. ಬಿರುಕಮ್ಮ ಇಬ್ಬರನ್ನೂ ಕರೆದು ಒಂದೇ ಮೇಜಿಗೆ ಕೂರಿಸಿದರು. ಹತ್ತಿ ಬಿಚ್ಚಿದರು. ಕಪ್ಪನ್ನು ಅಂಗೈ ಮೇಲಿಟ್ಟು ಉಗುರಿನಿಂದ ಮೀಟಿದರು.

ಆ ಚಿಕ್ಕ ಕೋಣೆಯಲ್ಲಿ ನಾದ ಎಷ್ಟು ಹೊತ್ತು ಇತ್ತೆಂದರೆ, ನಾವು ನಾಲ್ವರೂ ಅದು ಮುಗಿಯುವುದನ್ನು ಕಾಯುತ್ತ ಉಸಿರು ಹಿಡಿದಿದ್ದೆವು. ಕೆಳಗಿನ ರಸ್ತೆಯ ಸದ್ದುಗಳೆಲ್ಲ ಬೇರಾವುದೋ ಊರಿನವು ಎನಿಸಿತು.

“ಇದು ಬಿರುಕಿಲ್ಲದ ಕಪ್ಪು,” ಎಂದರು. “ತಪ್ಪು ನನ್ನ ಕಣ್ಣಿಂದು. ನಾನು ಮೀಟಿ ನೋಡದೆ ಬರೆಸಿದೆ. ನಿಮ್ಮ ಕೈಯಿಂದ ಇದಕ್ಕೆ ಏನೂ ಆಗಿಲ್ಲ ತಾಯಿ.”

ಅತ್ತಿಗೆಯ ಮುಖದಲ್ಲಿ ಸಮಾಧಾನ ಮೂಡುತ್ತದೆ ಎಂದುಕೊಂಡಿದ್ದೆ. ಅವರು ತಲೆಯಾಡಿಸಿದರು. “ಇಲ್ಲ, ತಾಗಿತ್ತು. ನಲ್ಲಿಗೆ ತಾಗಿತ್ತು. ಸದ್ದು ಕೂಡ ನೆನಪಿದೆ ನಂಗೆ. ನೀವು ಸುಮ್ಮನೆ ನನ್ನ ಉಳಿಸೋಕೆ ಹೇಳ್ತಿದ್ದೀರಿ.”

“ಮೊದಲಿಂದ ನೆನಪಿತ್ತಾ, ಹರಾಜು ಆದ ಮೇಲೆ ನೆನಪಾಯ್ತಾ?” ಎಂದರು ಬಿರುಕಮ್ಮ.

“ಆಮೇಲೆ. ಇವಳು ದಿನಾ ಕೇಳ್ತಿದ್ದಳು. ಯೋಚನೆ ಮಾಡ್ತಾ ಮಾಡ್ತಾ ನೆನಪಾಯ್ತು. ಬೇರೆ ಯಾರ ಕೈಯಲ್ಲೂ ಇರಲಿಲ್ಲವಲ್ಲ ಅದು, ನನ್ನ ಕೈಯಲ್ಲೇ ಇದ್ದಿದ್ದು.”

ಕಪ್ಪನ್ನು ಮೀಟಬಹುದು, ನೆನಪನ್ನು ಯಾವ ಉಗುರಿನಿಂದ ಮೀಟುವುದು? ಆಗ ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದ ನಾದಿನಿ ಇದ್ದಕ್ಕಿದ್ದಂತೆ ಇತ್ತ ತಿರುಗಿದರು.

“ಯಾವ ನಲ್ಲಿ ಅತ್ತಿಗೆ?”

“ಯಾವುದೋ ನಲ್ಲಿ.”

“ಅಮ್ಮನ ಕಪ್ಪುಗಳನ್ನ ನೀವು ಯಾವತ್ತು ನಲ್ಲಿ ಕೆಳಗೆ ತೊಳೆದಿದ್ದೀರಿ? ನಡುಮನೇಲಿ ಕೂತು, ಅಗಲದ ಬೋಗುಣಿಗೆ ತುವಾಲು ಹಾಸಿ, ಬೆಚ್ಚಗಿನ ನೀರು ಹಾಕಿಕೊಂಡು, ಒಂದೊಂದೇ. ನಾನು ದಾಟಿಕೊಂಡು ಹೋದ್ರೆ ‘ಅಲ್ಲಾಡಿಸಬೇಡ್ವೇ ನೆಲಾನ’ ಅಂತ ಬೈತಿದ್ರಿ. ನಲ್ಲಿ ಇದ್ದಿದ್ದು ಹಿತ್ತಲಲ್ಲಿ! ಅಲ್ಲಿಗೆ ಕಪ್ಪು ಯಾಕೆ ಹೋಗುತ್ತೆ?”

ಅತ್ತಿಗೆ ತಮ್ಮ ಕೈಗಳನ್ನು ಮೇಜಿನ ಮೇಲೆ ತೆರೆದಿಟ್ಟು ಯಾರದೋ ಕೈಗಳೆಂಬಂತೆ ನೋಡಿದರು. “ಬೋಗುಣಿ,” ಎಂದರು ಮೆಲ್ಲಗೆ. “ಹೌದಲ್ವೇನೇ? ಬೋಗುಣಿ.” ಆಮೇಲೆ ಅವರಿಗೆ ಅಳು ಬಂತು. ನಾದಿನಿ ಎದ್ದು, “ಅಯ್ಯೋ, ನಾನು ಹೇಳಿಸಿದೆ ಅಂತ ಹೇಳಿಬಿಡೋದಾ? ಬುದ್ಧಿ ಬೇಡ್ವಾ ನಿಮಗೆ?” ಎಂದು ಗದರುತ್ತಲೇ ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ನಾವು ಕಪ್ಪನ್ನು ಹತ್ತಿಯಲ್ಲಿ ಸುತ್ತಿಕೊಂಡು, ಹೇಳದೆಯೇ ಮೆಟ್ಟಿಲಿಳಿದೆವು.

ಮುಂದಿನ ಹರಾಜಿನ ಪಟ್ಟಿಯ ಮೊದಲ ಪುಟದಲ್ಲಿ ತಿದ್ದುಪಡಿ ಅಚ್ಚಾಗಬೇಕೆಂದು ಬಿರುಕಮ್ಮ ಹಟ ಹಿಡಿದರು. ಯಜಮಾನರು ಕೈಮುಗಿದರು: “ನಿಮ್ಮ ಕಣ್ಣು ತಪ್ಪಿತು ಅಂತ ನಾವೇ ಸಾರಿದ್ರೆ ನಾಳೆ ನಿಮ್ಮ ಮಾತನ್ನ ಯಾರಮ್ಮ ನಂಬ್ತಾರೆ?” “ನಂಬೋದು ಬೇಡ, ಮೀಟಿ ನೋಡ್ಲಿ,” ಎಂದರು ಇವರು. ತಿದ್ದುಪಡಿ ಬಂತು. ಕೊಳ್ಳುವವರಲ್ಲಿ ಕೆಲವರು ಅವರ ಎದುರಿಗೇ ಕಪ್ಪುಗಳನ್ನೆತ್ತಿ ಎರಡನೇ ಸಲ ಬೆಳಕಿಗೆ ಹಿಡಿಯತೊಡಗಿದರು. ಅವರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟುಕೊಡುತ್ತಿದ್ದರು.

ಕುಂದು ಹುಡುಕುವವರನ್ನು ಕಂಡರೆ ನಮಗೆ ಅಳುಕು. ಅವರಿಗೆ ಪ್ರೀತಿ ಕಡಿಮೆ ಎಂದು ತಿಳಿಯುತ್ತೇವೆ. ಕೆಲವರ ವಿಷಯದಲ್ಲಿ ಅದು ನಿಜವೂ ಇರಬಹುದು, ಅಂಥವರು ಕುಂದು ಸಿಕ್ಕ ಕೂಡಲೇ ತೃಪ್ತಿಯಿಂದ ಎದ್ದುಹೋಗುತ್ತಾರೆ. ಆದರೆ ಇನ್ನೊಂದು ಜಾತಿಯವರಿದ್ದಾರೆ, ಬಹಳ ವಿರಳ. ತಾವು ಆಡಿದ ಮಾತು ಯಾರ ಮನೆಗೆ ಹೋಯಿತು, ಅಲ್ಲಿ ಯಾವ ಬಾಗಿಲನ್ನು ಮುಚ್ಚಿತು ಎಂದು ಅವರಿಗೆ ತಿಳಿಯಬೇಕು. ಮಾತು ಸುಳ್ಳಾಗಿದ್ದರೆ ಅದನ್ನು ವಾಪಸು ತರಲು ಅವರೇ ಖುದ್ದಾಗಿ, ಮೂರು ಮಹಡಿ ಹತ್ತಿ, ಹೋಗಬೇಕು. ಹೋದರೂ ಅದು ಪೂರ್ತಿ ಅವರ ಕೈಗೆ ಬರುವುದಿಲ್ಲ. ಆ ಮನೆಯವರೇ ಯಾರಾದರೂ ಎದ್ದು ಉಳಿದ ಅರ್ಧವನ್ನು ಎತ್ತಿಕೊಡಬೇಕಾಗುತ್ತದೆ. ಅದು ಗೊತ್ತಿದ್ದೂ ಅವರು ಹೋಗುತ್ತಾರೆ.