ಗೋಡೆಯಿಂದ ಹಿಮ್ಮಡಿಗೆ

ಪ್ಲಾಸ್ಟರ್ ತೆಗೆದ ದಿನ ನನ್ನ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಸುತ್ತಳತೆಯಲ್ಲಿ ಐದೂವರೆ ಸೆಂಟಿಮೀಟರ್ ಕಡಿಮೆ ಇತ್ತು. ಹತ್ತು ವಾರ ಒಳಗಿದ್ದ ಮಂಡಿ ಮಡಿಸುವುದನ್ನೇ ಮರೆತಿತ್ತು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದರು. ದಿನಾ ಮಂಚದ ಅಂಚಿಗೆ ಕೂತು ಮಂಡಿ ಮಡಿಸಬೇಕು; ಫೆಬ್ರವರಿ ಇಪ್ಪತ್ತೇಳಕ್ಕೆ ಎಕ್ಸ್‌ರೇ ಆಗುವ ತನಕ ಆ ಕಾಲಿನ ಮೇಲೆ ಭಾರ ಹಾಕಬಾರದು. ನಾನು ಮೊದಲನೆಯದನ್ನು ಮಾತ್ರ ಕಿವಿಗೆ ಹಾಕಿಕೊಂಡೆ.

ಕಾರಣ ಇತ್ತು. ಮುಲುಂಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಎಪ್ಪತ್ತರ ನವೆಂಬರಿನಲ್ಲಿ, ಇನ್ನೂ ನಿಲ್ಲದ ಲೋಕಲ್ ರೈಲಿನಿಂದ ಇಳಿಯಲು ಹೋಗಿ ಮಂಡಿಯ ಕೆಳಗಿನ ಎರಡೂ ಎಲುಬು ಮುರಿದುಕೊಂಡಿದ್ದೆ. ಫೆಬ್ರವರಿ ಹದಿನೈದಕ್ಕೆ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಕಾರ್ಖಾನೆಯವರು ಕಾಗದ ಬರೆದಿದ್ದರು. ಹದಿನೈದಕ್ಕೂ ಇಪ್ಪತ್ತೇಳಕ್ಕೂ ನಡುವೆ ಹನ್ನೆರಡು ದಿನ. ಮೈಸೂರಿನಿಂದ ಇಷ್ಟು ದೂರ ಬಂದು ಸಿಕ್ಕ ಕೆಲಸ ಆ ಹನ್ನೆರಡು ದಿನದಲ್ಲಿ ಹೋಗುವುದಿತ್ತು.

ಚಾಳಿನ ನೆಲಮಹಡಿಯ ಖೋಲಿಯಲ್ಲಿ ನನ್ನ ಜೊತೆಗಿದ್ದವನು ಶೇಖರ. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಬೆಳಗಿನ ಮೊದಲ ಲೋಕಲ್‌ಗೆ ಹೊರಟರೆ ಸಂಜೆ ಇಡ್ಲಿಯ ಪೊಟ್ಟಣದೊಂದಿಗೆ ಬರುತ್ತಿದ್ದ. ಹಗಲು ಹೊತ್ತು ನನ್ನನ್ನು ನೋಡಿಕೊಂಡವನು ಗುರಲಿಂಗಪ್ಪ. ಬಿಜಾಪುರದ ಕಡೆಯವನು, ಹಿಂದಿನ ಓಣಿಯಲ್ಲಿ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಸೆಂಟ್ರಿಂಗ್ ಮುಕಾದಮ; ಹಸಿ ಸ್ಲ್ಯಾಬಿನ ಕೆಳಗೆ ಹಲಗೆ ಹಾಸಿ ಆನಿಕೆಯ ಕಂಬ ಕೊಡುವವರ ಮೇಸ್ತ್ರಿ. ಅಂದು ಪ್ಲಾಟ್‌ಫಾರಮ್ಮಿನ ತುದಿಯಿಂದ ನನ್ನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಸೇರಿಸಿದವನೂ ಅವನೇ. ಅದಕ್ಕೆ ಮುಂಚೆ ನಮಗೆ ಮುಖಪರಿಚಯ ಅಷ್ಟೆ. ಈಗ ದಿನಕ್ಕೆ ಎರಡು ಸಲ ಬಂದು ನನ್ನನ್ನು ಎಬ್ಬಿಸಿ, ಸಂಡಾಸಿಗೆ ಒಯ್ದು, ಮಂಚ ಸರಿಮಾಡಿ ಕೂರಿಸಿ ಹೋಗುತ್ತಿದ್ದ. ಅಲ್ಲಿ ಕುಕ್ಕರಗಾಲಲ್ಲಿ ಕೂರಲಾಗದ ನನಗಾಗಿ ಸೆಂಟ್ರಿಂಗ್ ಹಲಗೆಯಲ್ಲಿ ನಡುವೆ ತೂತು ಕೊರೆದು ಒಂದು ಸ್ಟೂಲು ಮಾಡಿಕೊಟ್ಟಿದ್ದ. ಇಡೀ ಚಾಳು ಅದನ್ನು ನನ್ನ ಹೆಸರು ಹಿಡಿದು ತಿರುಮಲೇಶನ ಸಿಂಹಾಸನ ಎನ್ನುತ್ತಿತ್ತು.

ಕೂತಲ್ಲಿ ಕೂರಲಾಗದೆ ನಾನು ಅಳೆಯತೊಡಗಿದೆ. ಮಂಚದ ಹಿಂಬದಿ ಗೋಡೆಗೆ ಒತ್ತಿಕೊಂಡಿತ್ತು. ಗೋಡೆಯಿಂದ ಲೆಕ್ಕ ಹಿಡಿದು, ಶೇಖರನ ಕೈಯಲ್ಲಿ ಸಿಮೆಂಟು ನೆಲದ ಮೇಲೆ ಸೆಂಟಿಮೀಟರಿಗೊಂದರಂತೆ ಸೀಮೆಸುಣ್ಣದ ಗೆರೆ ಎಳೆಸಿದೆ. ಅಂಚಿಗೆ ಕೂತು ಪಾದವನ್ನು ಎಷ್ಟು ಹಿಂದಕ್ಕೆ ಎಳೆದುಕೊಳ್ಳಬಲ್ಲೆ, ಹಿಮ್ಮಡಿ ಯಾವ ಗೆರೆಯ ಮೇಲೆ ನಿಲ್ಲುತ್ತದೆ, ಅದೇ ಆ ದಿನದ ರೀಡಿಂಗ್. ಮೊದಲ ದಿನ ನೂರ ಹದಿನಾಲ್ಕು. ಮಂಡಿ ಲಂಬಕೋನಕ್ಕೆ ಬಂದರೆ ಎಪ್ಪತ್ತೆಂಟು. ಗ್ರಾಫ್ ಹಾಳೆಯಲ್ಲಿ ದಿನಾ ಒಂದು ಚುಕ್ಕೆ. ಎಪ್ಪತ್ತೆಂಟು ಮುಟ್ಟಿದ ದಿನ ನಡೆದುಕೊಂಡೇ ಕಾರ್ಖಾನೆಗೆ ಹೋಗುತ್ತೇನೆ, ಎಕ್ಸ್‌ರೇ ಹಾಳಾಗಿ ಹೋಗಲಿ ಎಂದು ಒಂದು ಸಂಜೆ ಇಬ್ಬರಿಗೂ ಹೇಳಿದೆ. ಶೇಖರ ನಕ್ಕ. ಗುರಲಿಂಗಪ್ಪ ಎಷ್ಟು ಗೆರೆ ಉಳಿದಾವ ಎಂದಷ್ಟೇ ಕೇಳಿದ.

ಜನವರಿ ಮುಗಿಯುವ ತನಕ ಚುಕ್ಕೆಗಳು ಚೆನ್ನಾಗಿ ಇಳಿದವು. ಫೆಬ್ರವರಿ ಏಳರ ಹೊತ್ತಿಗೆ ಎಂಬತ್ತೈದು. ಅಲ್ಲಿಗೆ ನಿಂತುಬಿಟ್ಟಿತು. ಎಂಟನೇ ತಾರೀಖು ಎಂಬತ್ತೈದು, ಒಂಬತ್ತೂ ಎಂಬತ್ತೈದು. ನಾನು ಹಗಲೆಲ್ಲ ಮಂಡಿ ಮಡಿಸಿದೆ, ಬೆವರು ಬರುವ ತನಕ, ಕಣ್ಣಲ್ಲಿ ನೀರು ಬರುವ ತನಕ. ಹಾದುಹೋಗುವ ಪ್ರತಿ ಲೋಕಲ್ಲಿನ ಸದ್ದಿಗೂ ಮೈ ಉರಿಯುತ್ತಿತ್ತು. ಊಟ ತಂದಿಟ್ಟ ಶೇಖರನ ಮೇಲೆ ವಿನಾಕಾರಣ ರೇಗಿದೆ. ಅವನು ಸಿಟ್ಟಾಗಲಿಲ್ಲ, ಮಾರಾಯ, ನಿನ್ನ ಕಾಲಿಗಿಂತ ನಿನ್ನ ಬಾಯಿಗೆ ಪ್ಲಾಸ್ಟರ್ ಹಾಕಬೇಕಿತ್ತು ಎಂದ. ಗೆರೆ ಎಳೆದದ್ದು ತಪ್ಪಿದೆಯೇ ಎಂದು ಅವನಿಂದಲೇ ಮತ್ತೆ ಅಳೆಸಿದೆ. ಸರಿಯಿತ್ತು.

ಹದಿನಾಲ್ಕು, ಭಾನುವಾರ. ಆ ಬೆಳಿಗ್ಗೆಯೂ ಎಂಬತ್ತೈದೇ. ಪಕ್ಕದ ಖೋಲಿಯ ನೀಲಾಬಾಯಿ ಕಸ ಗುಡಿಸಲು ಬಂದವಳು ಮಂಚದ ಕೆಳಗೆ ಪೊರಕೆ ತೂರಿಸಿ, ಇಲ್ಲಿ ಗ್ವಾಡಿಗಿ ಹಚ್ಚಿ ಹಲಿಗಿ ಚೂರು ಯಾಕ ಇಟ್ಟೀರಿ ಎಂದಳು. ಈಚೆಗೆ ತೆಗೆಸಿದೆ. ಮಂಚದ ಎರಡೂ ಹಿಂಗಾಲಿಗೂ ಗೋಡೆಗೂ ನಡುವೆ ಏಳೇಳು ಚೂರು. ನನ್ನ ಸಿಂಹಾಸನದ್ದೇ ಹಲಗೆ, ಒಂದೊಂದೂ ಒಂದು ಸೆಂಟಿಮೀಟರ್ ದಪ್ಪ, ಅಂಚು ನುಣ್ಣಗೆ ಹೆರೆದದ್ದು. ದಿನಕ್ಕೊಂದು ಜೊತೆ ಸೇರಿತ್ತು. ನಾನು ಗೆರೆಗಳನ್ನು ಅನುಮಾನಿಸಿದ್ದೆ, ಮಂಡಿಯನ್ನು ಅನುಮಾನಿಸಿದ್ದೆ, ಮಂಚವನ್ನು ಅನುಮಾನಿಸಿರಲಿಲ್ಲ. ಮಂಚವೇ ಏಳು ಸೆಂಟಿಮೀಟರ್ ಮುಂದೆ ಬಂದಿತ್ತು; ಎಂಬತ್ತೈದರಿಂದ ಏಳು ಕಳೆದರೆ ಎಪ್ಪತ್ತೆಂಟು.

ನೀಲಾಬಾಯಿ ಹೋದ ಮೇಲೆ ಮಂಚದ ಸರಳು ಹಿಡಿದು ಎದ್ದೆ. ಸರಳು ಬಿಟ್ಟೆ. ಬಲಗಾಲಿನ ಮೇಲೆ ಸ್ವಲ್ಪ, ಇನ್ನೂ ಸ್ವಲ್ಪ ಭಾರ ಹಾಕಿದೆ. ಮಂಡಿ ಏನೂ ಅನ್ನಲಿಲ್ಲ. ಅದರ ಕೆಳಗೆ, ಮುರಿದಿದ್ದ ಕಡೆ, ಏನೋ ಬಿಸಿಯಾಗಿ ಮಿಸುಕಿದಂತಾಯಿತು. ನೋವೆನ್ನುವಷ್ಟಿರಲಿಲ್ಲ. ಕೂತುಬಿಟ್ಟೆ. ಗ್ರಾಫ್ ಹಾಳೆ ತೊಡೆಯ ಮೇಲಿತ್ತು. ಒಂದು ತಿಂಗಳು ಮಂಡಿಯ ಕೋನ ಅಳೆದಿದ್ದೆ. ಎಲುಬು ಕೂಡಿದೆಯೇ ಎಂಬುದನ್ನು ಅದರ ಒಂದು ಚುಕ್ಕೆಯೂ ಹೇಳುವಂತಿರಲಿಲ್ಲ. ಅಳೆಯಲು ಸಿಕ್ಕಿದ್ದನ್ನು ಅಳೆದಿದ್ದೆ.

ಆದರೂ ಸಂಜೆ ಗುರಲಿಂಗಪ್ಪ ಬಂದಾಗ ಚೂರುಗಳನ್ನು ಅವನ ಮುಂದೆ ಸುರಿದೆ.

"ನೀವು ನನ್ನ ರೀಡಿಂಗ್ ಕೆಡಿಸಿದಿರಿ."

"ಹೌದ್ರಿ."

"ಏಳು ದಿನ ನಾನು ಎಷ್ಟು ಒದ್ದಾಡಿದೆ ಗೊತ್ತೇ?"

"ನೋಡೀನ್ರಿ." ಅವನು ಚೂರುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದ. "ನೀವು ಶಾಣ್ಯಾರದೀರಿ ಸಾಹೇಬ್ರ. ನಿಮಗ ಬಾಯಿಲೆ ಹೇಳಿದ್ರ ಕೇಳ್ತಿದ್ರೇನು? ಹ್ವಾದ ವರ್ಷ ಸ್ಲ್ಯಾಬ್ ಒಣಗೇತಿ ಅಂತ ತಾರೀಖಿಗಿಂತ ಮೊದಲ ಆನಿಕಿ ಬಿಚ್ಚಿಸಿದ್ರು. ಮ್ಯಾಲೆ ನೋಡಿದ್ರ ಕಲ್ಲಿನಂಗ ಇತ್ತು. ಕೆಳಗ ನಮ್ಮ ಮರೆಪ್ಪ ಇದ್ದ. ಆನಿಕಿ ಬಿಚ್ಚಿದ ಕೈ ನಂದ."

ಮರೆಪ್ಪ ಅವನ ತಮ್ಮ. ತೀರಿಕೊಂಡನೆಂದು ಮಾತ್ರ ಗೊತ್ತಿತ್ತು. ಹೇಗೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮತ್ತೆ ಅವನೇ ಹೇಳಿದ. ನಾಳೆ ನಡೆದು ಹೋಗುವುದಾದರೆ ಹೋಗಬಹುದು, ತಾನು ತಡೆಯುವುದಿಲ್ಲ, ಆದರೆ ಜೊತೆಗೆ ಬರುವುದೂ ಇಲ್ಲ. ಅಷ್ಟರಲ್ಲಿ ಬಂದಿದ್ದ ಶೇಖರ ಇಡ್ಲಿಯ ಪೊಟ್ಟಣ ಬಿಚ್ಚದೆ ಹಿಡಿದುಕೊಂಡೇ ನಿಂತಿದ್ದ. ಕೆಲಸ ಹೋದರೆ ಹೋಗಲಿ ಎನ್ನುವ ಧೈರ್ಯ ನನಗಿರಲಿಲ್ಲ. ಕುಂಟನೆಂದು ಕಾರ್ಖಾನೆಯವರ ಕಣ್ಣಿಗೆ ಬೀಳುವ ಧೈರ್ಯವೂ ಇರಲಿಲ್ಲ; ಅವರ ಕಾಗದಕ್ಕೆ ನಡೆದೇ ಬರುತ್ತೇನೆಂದು ಜಂಬದ ಉತ್ತರ ಬರೆದವನು ನಾನು. ಆದರೆ ಲ್ಯಾಬಿನ ಮೇಜಿನ ಮುಂದೆ ಕೂತು ಟೈಟ್ರೇಷನ್ ಮಾಡಲು ಕಾಲು ಬೇಕಿಲ್ಲವಲ್ಲ.

ನಿಮ್ಮ ಸಿಮೆಂಟು ಸಾಗಿಸುವ ಕೈಗಾಡಿ ಬೆಳಿಗ್ಗೆ ಸಿಗುತ್ತದೆಯೇ ಎಂದು ಗುರಲಿಂಗಪ್ಪನನ್ನು ಕೇಳಿದೆ.

ಸೋಮವಾರ ಎಂಟಕ್ಕೆ ಹೊರಟೆವು. ಗುರಲಿಂಗಪ್ಪ ಮುಂದೆ ಎಳೆಯುತ್ತಿದ್ದ, ಶೇಖರ ರಜೆ ಹಾಕಿ ಹಿಂದೆ ನೂಕುತ್ತಿದ್ದ. ನಾನು ಇಸ್ತ್ರಿಯ ಅಂಗಿ ತೊಟ್ಟು, ಕಾಲು ಚಾಚಿ, ಖಾಲಿ ಗೋಣಿಗಳ ಮೇಲೆ ಕೂತಿದ್ದೆ. ಸ್ಟೇಷನ್ನಿಗೆ ಓಡುತ್ತಿದ್ದ ಜನ ತಿರುಗಿ ನೋಡಿದರು. ಗೇಟಿಗೆ ಐವತ್ತು ಹೆಜ್ಜೆ ಇರುವಾಗ ಗುರಲಿಂಗಪ್ಪ ನಿಂತು, ಇಲ್ಲೇ ಇಳಿಸಲೇನು, ಇಬ್ಬರೂ ಹೆಗಲು ಕೊಡುತ್ತೇವೆ, ನಡೆದು ಹೋದಂತೆ ಕಾಣುತ್ತದೆ ಎಂದ. ಬೇಡವೆಂದೆ.

ಮ್ಯಾನೇಜರು ಸೈರನ್ನಿನ ಹೊತ್ತಿಗೆ ಗೇಟಿನಲ್ಲೇ ಇರುತ್ತಿದ್ದರು. ಕಾಲನ್ನು ನೋಡಿ, ನಿಲ್ಲಬಲ್ಲಿರಾ ಎಂದು ಕೇಳಿದರು. ಇನ್ನು ಹನ್ನೆರಡು ದಿನ ಇಲ್ಲ, ಆಮೇಲಿನದು ಎಕ್ಸ್‌ರೇ ನೋಡಿ ಹೇಳಬೇಕು, ಕೂತು ಮಾಡುವ ಕೆಲಸ ಎಲ್ಲ ಮಾಡುತ್ತೇನೆ ಎಂದೆ. ಅವರು ಗಾಡಿಯನ್ನೂ ಎಳೆದು ತಂದ ಇಬ್ಬರನ್ನೂ ನೋಡಿದರು. ಕೆಲಸದವರು ಒಳಹೋಗುವ ಚಿಕ್ಕ ಬಾಗಿಲಲ್ಲಿ ಕೈಗಾಡಿ ಹಿಡಿಸುವಂತಿರಲಿಲ್ಲ. ಲಾರಿಗಳಿಗೆಂದು ಇದ್ದ ದೊಡ್ಡ ಗೇಟಿನ ಅಗಳಿ ತೆಗೆಯಲು ಅವರು ವಾಚ್‌ಮನ್ನನಿಗೆ ಸನ್ನೆ ಮಾಡಿದರು.