ಮುಕ್ಕಾಲು ಗಂಟೆ

ನಟ್ಟು ತಿರುಗಿಸುವ ಇಂಪ್ಯಾಕ್ಟ್ ಗನ್ನನ್ನು ಬಸ್ ಚಕ್ರದ ಮೊದಲ ನಟ್ಟಿಗೆ ಹಚ್ಚಿ ಇನ್ನೇನು ಒತ್ತಬೇಕು, ಮೇಸ್ತ್ರಿಗೆ ಹಸಿರು ಗೆರೆ ಕಂಡಿತು. ಕೈ ಅಲ್ಲೇ ನಿಂತಿತು.

ಆ ಬಸ್ ಶೆಡ್ಡಿನಲ್ಲಿ ಚಕ್ರ ಬಿಗಿದವರು ನಟ್ಟಿನಿಂದ ರಿಮ್ಮಿಗೆ ತಮ್ಮ ಬಣ್ಣದ ಗೆರೆ ಎಳೆಯಬೇಕು. ನಟ್ಟು ಜರುಗಿದರೆ ಗೆರೆ ಮುರಿಯುತ್ತದೆ. ಯಾರ ಕೆಲಸವೆಂದೂ ತಿಳಿಯುತ್ತದೆ. ಮೇಸ್ತ್ರಿಯದು ಕೆಂಪು, ಎಲ್ಲರೂ ಮೀಸೆ ಎಂದೇ ಕರೆಯುವ ಜೊತೆಗಾರನದು ಹಳದಿ. ಹಸಿರು, ಅಲ್ಲೇ ಕೆಲಸಕ್ಕಿದ್ದ ಮೇಸ್ತ್ರಿಯ ಮಗಳದು. ಅವಳು ತೀರಿಹೋಗಿ ಆರು ತಿಂಗಳಾಗಿತ್ತು. ಅವಳು ಕೊನೆಯದಾಗಿ ಬಿಗಿದ ಚಕ್ರ ಇದು. ಅಂದಿನಿಂದ ದೂರದ ದಾರಿಯಲ್ಲಿ ಓಡುತ್ತಿದ್ದ ಬಸ್ಸು ಬ್ರೇಕ್ ಲೈನರ್ ಸವೆದು ಇವತ್ತು ಮರಳಿತ್ತು.

"ಏನ್ ಮೇಸ್ತ್ರಿ, ನಟ್ಟಿನ ಜೊತೆ ಸಂಸಾರದ ಮಾತಾ?" ಪಕ್ಕದ ಬಸ್ಸಿನಡಿಯಿಂದ ಮೀಸೆ ತಲೆ ಹೊರಹಾಕಿದ. ಗೆರೆ ನೋಡಿ ತಲೆ ಒಳಗೆಳೆದುಕೊಂಡ.

ಆರು ತಿಂಗಳ ಹಿಂದಿನ ಆ ಸಂಜೆ ಇದೇ ಚಕ್ರದ ಮುಂದೆ ಅಪ್ಪ ಮಗಳ ಜಗಳ.

"ಗನ್ನು ನಟ್ಟು ಕೂರಿಸೋಕೆ ಮಾತ್ರ ಕಣೇ. ಬಿಗಿಯೋದು ಕೈಯಲ್ಲಿ. ಕಟಕಟ ಅಂತ ಒತ್ತಿ ಹಿಡಿದ್ರೆ ಬೋಲ್ಟು ಎಳ್ಕೊಂಡು ಒಂದಿನ ಪಟ್ ಅನ್ನತ್ತೆ."

"ಕೂರಿಸಿ ಬಿಟ್ಟೆ ಅಪ್ಪ. ಆಮೇಲೆ ಅಳತೆ ಪಾನಾನೇ ಹಾಕಿದ್ದು. ಬಿಗಿ ಅಳತೆಗೆ ಬಂದಾಗ ಹತ್ತಕ್ಕೆ ಹತ್ತೂ ಕಟ್ ಅಂತು."

"ಹೆಚ್ಚು ಬಿಗಿದಿದ್ರೂ ಪಾನಾ ಕಟ್ ಅನ್ನತ್ತೆ. ನನಗೇ ಪಾಠ ಹೇಳ್ಬೇಡ. ಎಲ್ಲಾ ಬಿಚ್ಚು, ಮೊದಲಿಂದ ಹಾಕು."

"ಶೆಡ್ಡಲ್ಲಿ ನಾನು ನಿಮ್ಮ ಮಗಳಲ್ಲ, ಮೇಸ್ತ್ರಿಗಳೇ. ಮೀಸೆ ಮಾಮಂಗೂ ಹೀಗೇ ಹೇಳ್ತೀರಾ?"

ಸುತ್ತಲಿದ್ದವರು ನಕ್ಕರು. ಅದು ಮೇಸ್ತ್ರಿಗೆ ನಾಟಿತು. "ಹಾಗಾದ್ರೆ ಮನೆಗೂ ನೀನೇ ನಡ್ಕೊಂಡು ಬಾ" ಎಂದು, ದಿನಾ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ ಸ್ಕೂಟರನ್ನು ಒಬ್ಬನೇ ಏರಿ ಹೊರಟುಬಿಟ್ಟ.

ಅವಳು ಗೇಟು ದಾಟಿದ್ದು ಮುಕ್ಕಾಲು ಗಂಟೆಯ ನಂತರ ಎಂದು ಕಾವಲಿನವನು ಹೇಳಿದ. ದೊಡ್ಡ ರಸ್ತೆಗೆ ಇಳಿದವಳು ಆಚೆ ಬದಿ ಮುಟ್ಟಲಿಲ್ಲ.

"ಅಷ್ಟು ಹೊತ್ತು ಅಲ್ಲಿ ಏನ್ ಮಾಡ್ತಿದ್ಲು? ಅಳ್ತಾ ಕೂತಿದ್ಲಾ?" ಹೆಂಡತಿ ಊಟಕ್ಕೆ ಕೂತಾಗ ಕೇಳುತ್ತಿದ್ದಳು, ಬಟ್ಟೆ ಮಡಚುತ್ತ ಕೇಳುತ್ತಿದ್ದಳು. "ನನಗೇನ್ ಗೊತ್ತು" ಎನ್ನುತ್ತಿದ್ದ. ನಿಜವಾಗಿಯೂ ಗೊತ್ತಿರಲಿಲ್ಲ.

ಮೇಸ್ತ್ರಿ ಗನ್ನು ಕೆಳಗಿಟ್ಟು, ಹಳೆ ಬಟ್ಟೆಯಿಂದ ಚಕ್ರದ ಧೂಳು ಒರೆಸಿದ. ನಟ್ಟಿಗೆ ಒಂದಲ್ಲ, ಎರಡು ಗೆರೆ. ಮೊದಲನೆಯದು ನಟ್ಟು ರಿಮ್ಮಿಗೆ ತಾಗುವಲ್ಲಿ ಬಿರುಕು ಬಿಟ್ಟಿತ್ತು. ಎಂದರೆ, ಒಮ್ಮೆ ಬಿಚ್ಚಿದ ನಟ್ಟು. ಪಕ್ಕದಲ್ಲಿ ಎಳೆದ ಎರಡನೆಯದು ಇಡಿಯಾಗಿತ್ತು. ಮುಂದಿನ ನಟ್ಟು ಒರೆಸಿದ, ಅಲ್ಲೂ ಎರಡು. ಹತ್ತಕ್ಕೂ ಎರಡು.

ಬಿರುಕಿನ ಮೇಲೆ ಬೆರಳಾಡಿಸಿದ. ಗೆರೆಯ ಎರಡು ತುಂಡುಗಳು ಕೂದಲೆಳೆಯಷ್ಟೂ ಆಚೀಚೆ ಆಗದೆ ಎದುರೆದುರು ನಿಂತಿದ್ದವು. ಮೊದಲು ಹೆಚ್ಚಾಗಿ ಬಿಗಿದಿದ್ದರೆ ಎರಡನೇ ಸಲ ನಟ್ಟು ಅದೇ ಜಾಗಕ್ಕೆ ಬಂದು ಕೂರುತ್ತಿರಲಿಲ್ಲ. ಅವಳು ಮೊದಲೇ ಸರಿಯಾಗಿ ಬಿಗಿದಿದ್ದಳು. ಅವನು ಹೊರಟ ಮೇಲೆ ಒಬ್ಬಳೇ ಬಿಚ್ಚಿ ಬಿಗಿದಾಗ ಅದು ಅವಳಿಗೂ ಕಂಡಿರಬೇಕು.

ಮೇಸ್ತ್ರಿ ಹತ್ತೂ ನಟ್ಟಿನ ಗೆರೆಗಳನ್ನು ಮತ್ತೆ ಮೊದಲಿಂದ ಒಂದೊಂದಾಗಿ ನೋಡಿದ. ಮೀಸೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ನಾನು ಬಿಚ್ಲಾ? ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

"ಬೇಡಪ್ಪ."

ನಟ್ಟುಗಳನ್ನು ಬಿಚ್ಚಿ, ಒಂದರ ಜಾಗಕ್ಕೆ ಇನ್ನೊಂದು ಹೋಗದಂತೆ ಗೋಣಿಯ ಮೇಲೆ ಸಾಲಾಗಿ ಇಟ್ಟ. ಲೈನರ್ ಬದಲಾಯಿಸಿ ಚಕ್ರ ಏರಿಸಿದ. ಪ್ರತಿ ನಟ್ಟನ್ನೂ ಅದರದೇ ಬೋಲ್ಟಿಗೆ ಬೆರಳಲ್ಲಿ ತಿರುಗಿಸಿ, ಎದುರುಬದುರಾಗಿ ಗನ್ನು ಮುಟ್ಟಿಸಿ ಮುಟ್ಟಿಸಿ ಬಿಟ್ಟ. ಆಮೇಲೆ ಪಾನಾ ಹಿಡಿದ. ಒಂದು ಸುತ್ತು ಅರ್ಧ ಬಿಗಿ, ಇನ್ನೊಂದು ಸುತ್ತು ಪೂರಾ.

"ಡ್ರೈವರ್ ಎರಡು ಸಲ ಬಂದು ಹೋದ," ಎಂದ ಮೀಸೆ ಮೆಲ್ಲಗೆ. "ಈ ಹತ್ತು ನಟ್ಟಿಗೇ ಮುಕ್ಕಾಲು ಗಂಟೆ ಆಯ್ತು ಮೇಸ್ತ್ರಿ."

ಮೇಸ್ತ್ರಿ ಗೋಡೆ ಗಡಿಯಾರ ನೋಡಿದ.

"ಹೂಂ," ಎಂದ. "ಅಷ್ಟಾಗತ್ತೆ."

ಹತ್ತನೆಯ ನಟ್ಟು ಉಳಿದಿತ್ತು. ಪಾನಾ ಹಾಕಿ ಮೈಭಾರ ಬಿಟ್ಟು ಎಳೆದ. ನಟ್ಟಿನ ಮೇಲಿನ ಹಸಿರು ತುಂಡು ರಿಮ್ಮಿನ ಹಸಿರಿನತ್ತ ನಿಧಾನವಾಗಿ ಸರಿಯಿತು. ಇನ್ನೊಂದಿಷ್ಟು. ಗೆರೆ ಕೂಡಿಕೊಂಡಿತು, ಪಾನಾ ಕಟ್ ಎಂದಿತು.

ತನ್ನ ಗೆರೆ ಎಳೆಯಲು ತಂದಿದ್ದ ಕೆಂಪು ಬಣ್ಣದ ಬಾಟಲಿ, ಮುಚ್ಚಳ ತೆಗೆಯದ ಹಾಗೆಯೇ, ಗೋಣಿಯ ಪಕ್ಕದಲ್ಲೇ ಇತ್ತು.