ಗಾಣ ಮಾರುವ ಮುಂಚೆ ಕೇಳಿದ ಮಾತು

ಸಖರಾಯಪಟ್ಟಣದ ವನಜಾಕ್ಷಿ ತನ್ನ ಎಣ್ಣೆ ಗಾಣ ಮಾರಲು ಒಪ್ಪಿಬಿಟ್ಟಿದ್ದಳು. ನಷ್ಟವಾಗಿ ಅಲ್ಲ, ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದುದಕ್ಕೇ ಭಯ. ಪ್ರತಿ ತಿಂಗಳೂ ಕೊಬ್ಬರಿ ಎಣ್ಣೆ ಕೊಡಿ, ಆದರೆ ಬಿಲ್ ಬೇಕು ಎಂದು ತರೀಕೆರೆಯ ಹೋಟೆಲಿನವರು ಕೇಳಿದ್ದರು. ಬಿಲ್ ಬರೆದರೆ, ಫೋನಿನಲ್ಲಿ ಹಣ ತಗೊಂಡರೆ ಟ್ಯಾಕ್ಸ್‌ನವರು ಬರುತ್ತಾರೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದೇ ತಡ, ಗಂಡ ಕಾಂತರಾಜು ಅಂಗಡಿಯ ಸ್ಕ್ಯಾನರ್ ಕಿತ್ತಿಟ್ಟ. ಗಿರಾಕಿಗಳು ಕಡಿಮೆಯಾದರು.

ಗಾಣ ಕೊಳ್ಳಲು ಭೈರೇಶ್ ಎಂಬುವನು ಬರಬೇಕಿದ್ದ ದಿನವೇ ವನಜಾಕ್ಷಿಯ ಗೆಳತಿ ಶಾಂಭವಿ ಎಣ್ಣೆಗೆ ಬಂದಳು. ಕಡೂರಿನಲ್ಲಿ ಅಂಗಡಿಗಳ ತೆರಿಗೆ ಲೆಕ್ಕ ನೋಡುವುದು ಅವಳ ಕೆಲಸ.

“ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನ ಯಾಕೆ ಮಾರ್ತೀಯೇ?”

“ಏನ್ ಮಾಡ್ಲಿ ಕಣೇ, ಟ್ಯಾಕ್ಸ್ ಭಯಕ್ಕೆ ಇವರಿಗೆ ಊಟಾನೇ ಸೇರ್ತಿಲ್ಲ.”

ಶಾಂಭವಿ ಕಾಂತರಾಜುವಿನ ಕಡೆ ತಿರುಗಿದಳು. “ನಮ್ಮ ರಾಜ್ಯದೊಳಗೆ ಮಾತ್ರ ಸರಕು ಮಾರೋ ನಿಮ್ಮಂಥೋರಿಗೆ ವರ್ಷದ ಮಾರಾಟ ನಲವತ್ತು ಲಕ್ಷ ದಾಟೋವರೆಗೂ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ ಅಣ್ಣ. ಫೋನ್ ಕೊಡಿ ಇಲ್ಲಿ.”

ಅವಳು ಫೋನಿಗೆ ಬಂದ ಹಣದ ಪಟ್ಟಿ ನೋಡುತ್ತಾ ಹೋದಳು. “ಇದು ಇವಳ ಸಂಘದಿಂದ ಬಂದ ಸಾಲದ ಕಂತು, ಇದು ನಿಮ್ಮ ತಂಗಿ ಕಳಿಸಿದ್ದು. ಇವು ಮಾರಾಟ ಅಲ್ಲ.” ನಗದು ವ್ಯಾಪಾರ ಸೇರಿಸಿದರೂ ಮಿತಿಯ ಅರ್ಧ ದಾಟಲಿಲ್ಲ.

“ಮುಂದೆ ದಾಟಿದ್ರೆ?” ಕಾಂತರಾಜು ಕೇಳಿದ.

“ನೋಂದಣಿ ಮಾಡಿಸ್ಬೇಕು. ಆಗ್ಲೂ ಸಣ್ಣೋರಿಗೆ ಕಾಂಪೋಸಿಷನ್ ಸ್ಕೀಮ್ ಇದೆ. ನೂರು ರೂಪಾಯಿ ಮಾರಾಟಕ್ಕೆ ಒಂದು ರೂಪಾಯಿ ನೀವೇ ಕಟ್ಬೇಕು, ಗಿರಾಕಿ ಹತ್ರ ವಸೂಲಿ ಮಾಡಂಗಿಲ್ಲ. ಇನ್ನು ಸ್ಕ್ಯಾನರ್ ಕಿತ್ತಿದ್ದು ನಿಮಗೇ ನಷ್ಟ. ಆದಾಯ ತೆರಿಗೇಲಿ ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಲೆಕ್ಕ ಇದೆ. ನಗದು ಬಂದ್ರೆ ನೂರಕ್ಕೆ ಕನಿಷ್ಠ ಎಂಟು ರೂಪಾಯಿ ಲಾಭ ಅಂತ ತೋರಿಸ್ಬೇಕು, ಫೋನ್ನಲ್ಲಿ ಬಂದ್ರೆ ಆರು ಸಾಕು. ತೆರಿಗೆ ಲೆಕ್ಕ ಆ ಲಾಭದ ಮೇಲೆ ಮಾತ್ರ.”

ಕಾಂತರಾಜು ನಂಬಲಿಲ್ಲ. “ಬರೋ ದುಡ್ಡನ್ನ ಸರ್ಕಾರ ಸುಮ್ನೆ ಬಿಡ್ತದಾ?”

“ನೀವು ಹೆದರಿ ಬಾಗಿಲು ಹಾಕಿದ್ರೆ ಸರ್ಕಾರಕ್ಕೇನು ಸಿಗ್ತದೆ? ನಿಮಗೆ ಕೊಬ್ಬರಿ ಕೊಡೋರು ಎಲ್ಲಿಗೆ ಹೋಗ್ಬೇಕು? ಸಣ್ಣೋರು ನಾಳೆ ಬೆಳೆದು ಹೆಚ್ಚು ತೆರಿಗೆ ಕಟ್ಲಿ ಅಂತ ಸರ್ಕಾರ ಇವತ್ತು ಕಡಿಮೆ ಕೇಳ್ತದೆ. ಆದ್ರೆ ಮುಚ್ಚಿಟ್ಟೋರಿಗೆ ಈ ರಿಯಾಯಿತಿ ಇಲ್ಲ. ಮಾರಾಟ ಕಡಿಮೆ ಕಾಣ್ಲಿ ಅಂತ ಒಂದೇ ಗಾಣಾನ ಎರಡು ಹೆಸರಲ್ಲಿ ತೋರಿಸಿದ್ರೆ ಸಿಕ್ಕಿಬೀಳ್ತೀರ.”

“ಹೋಟೆಲಿನೋರಿಗೆ ಬಿಲ್ಲು?” ವನಜಾಕ್ಷಿ ಅಂಜುತ್ತಲೇ ಕೇಳಿದಳು.

“ತೆರಿಗೆ ಹಾಕ್ದೆ ಸಾದಾ ಬಿಲ್ ಬರ್ಕೊಡು. ತಪ್ಪೇನಿಲ್ಲ.”

ಕಾಂತರಾಜು ಶಾಂಭವಿಯ ಕೈಯಿಂದ ಫೋನ್ ತೆಗೆದುಕೊಂಡು ಕರೆ ಮಾಡಿದ. “ಭೈರೇಶ, ಬರ್ಬೇಡ ಕಣಪ್ಪ. ಗಾಣ ಕೊಡಲ್ಲ.”

ವನಜಾಕ್ಷಿ ಅಲ್ಲೇ ಕೊಬ್ಬರಿ ಮೂಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಆ ವಾರವೇ ತರೀಕೆರೆ ಹೋಟೆಲಿಗೆ ಎಣ್ಣೆ ಹೋಯಿತು, ಜೊತೆಗೆ ಅವಳೇ ಬರೆದ ಬಿಲ್ಲೂ.

ಅಂಗಡಿ, ಗಿರಣಿ, ಗಾಣ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ತೆರಿಗೆ ರಿಯಾಯಿತಿ ನಿಮ್ಮಂಥವರು ಬೆಳೆಯಲಿ ಎಂದೇ ಇದೆ. ಸಂತೆಯ ಸುದ್ದಿ ಕೇಳಿ ಅನ್ನದ ದಾರಿ ಮುಚ್ಚಬೇಡಿ. ನಿಯಮ ಬದಲಾಗುತ್ತಿರುತ್ತದೆ, ಆದ್ದರಿಂದ ಪ್ರತಿ ವರ್ಷ ತಿಳಿದವರನ್ನು ಕೇಳಿ. ಲೆಕ್ಕ ನೆಟ್ಟಗಿಡಿ, ನೆಮ್ಮದಿಯಿಂದ ವ್ಯಾಪಾರ ಮಾಡಿ.